ಕಿವಿಯಣ್ಣ ಪಾಸ್ ಮಾಡಿದ ಕ್ಯಾಮೆರಾ

ರೇಡಿಯೋ, ಟೇಪ್ ರೆಕಾರ್ಡರ್ ಮಾಡಿಕೊಂಡು ಸುಖವಾಗಿದ್ದ ಕಂಪನಿಯೊಂದಕ್ಕೆ ಇದ್ದಕ್ಕಿದ್ದಂತೆ ಕ್ಯಾಮೆರಾ ಮಾಡುವ ಆಸೆ ಹುಟ್ಟಿದ್ದು ಹೇಗೆ ಎಂಬುದನ್ನು ಆ ಕಂಪನಿಯವರೇ ಇಂದಿಗೂ ಸರಿಯಾಗಿ ಹೇಳಲಾರರು. ದೊಡ್ಡ ಸಾಹೇಬರು ಯಾವುದೋ ವಸ್ತುಪ್ರದರ್ಶನಕ್ಕೆ ಹೋಗಿದ್ದರಂತೆ. ಅಲ್ಲಿ ಕ್ಯಾಮೆರಾ ಮಳಿಗೆಯ ಮುಂದೆ ಜನ ಮುಗಿಬಿದ್ದಿದ್ದರಂತೆ. ರೇಡಿಯೋ ಮಳಿಗೆಯಲ್ಲಿ ಕಾಲುನೋವಿನವರೊಬ್ಬರು ಮಾತ್ರ ಕೂತು ಸುಧಾರಿಸಿಕೊಳ್ಳುತ್ತಿದ್ದರಂತೆ. ವಾಪಸು ಬಂದವರೇ ಎಲ್ಲರನ್ನೂ ಸೇರಿಸಿ, “ಇಷ್ಟು ವರ್ಷ ದನಿ ಹಿಡಿದಿದ್ದೀವಿ, ಮುಖ ಹಿಡಿಯೋದು ಏನು ಮಹಾ” ಅಂದರು. ದೊಡ್ಡ ಸಾಹೇಬರೇ ಏನು ಮಹಾ ಅಂದ ಮೇಲೆ ಅದು ಎಷ್ಟು ಮಹಾ ಎಂದು ಯೋಚಿಸುವ ಉಸಾಬರಿಗೆ ಯಾರೂ ಹೋಗಲಿಲ್ಲ.

ಮಾಮೂಲಿ ಕ್ಯಾಮೆರಾಕ್ಕೆ ರೋಲು ಹಾಕಬೇಕು, ರೋಲನ್ನು ಕತ್ತಲಕೋಣೆಯಲ್ಲಿ ತೊಳೆಯಬೇಕು, ತೊಳೆದವನು ಮನಸ್ಸು ಮಾಡಿ ಪ್ರಿಂಟು ಹಾಕಿಕೊಡಬೇಕು. ಕಂಪನಿಯ ಕ್ಯಾಮೆರಾಕ್ಕೆ ಈ ಯಾವ ರಗಳೆಯೂ ಇರಲಿಲ್ಲ. ಗೋದಾಮಿನ ತುಂಬ ಖಾಲಿ ಕ್ಯಾಸೆಟ್ಟುಗಳಿದ್ದವಲ್ಲ, ಹಾಡಿನ ಹಾಗೆಯೇ ಚಿತ್ರವನ್ನೂ ಆ ಟೇಪಿನ ಮೇಲೆ ಇಳಿಸುವ ಏರ್ಪಾಟು. ಗುಂಡಿ ಒತ್ತಿದರೆ ಟಕ್ ಎಂದು ಶುರುವಾಗಿ, ಒಳಗಿನ ಮೋಟರು ಜುಂಯ್ ಎಂದು ತಿರುಗಿ, ಮತ್ತೆ ಟಕ್ ಎಂದು ನಿಲ್ಲುವ ತನಕ ಎದುರಿಗಿದ್ದವರು ಅಲುಗಾಡದೆ ಕೂರಬೇಕು. ಆಮೇಲೆ ಟೀವಿಗೆ ‘ನೋಡುಪೆಟ್ಟಿಗೆ’ ಎಂಬ ಇನ್ನೊಂದು ಯಂತ್ರವನ್ನು ತಗುಲಿಸಿ, ಕ್ಯಾಸೆಟ್ಟನ್ನು ಅದರೊಳಗೆ ಹಾಕಿದರೆ ಮುಖ ಪರದೆಯ ಮೇಲೆ ಬಂದು ನಿಲ್ಲುತ್ತದೆ. ಹಾಗೆಂದು ಕಂಪನಿಯ ಕರಪತ್ರದಲ್ಲಿ ಬಣ್ಣದಲ್ಲಿ ಅಚ್ಚಾಗಿತ್ತು.

ಈ ಕ್ಯಾಮೆರಾಗಳನ್ನು ಪರೀಕ್ಷಿಸಿ ಪಾಸ್ ಮಾಡುವ ಬೆಂಚಿನ ಮೇಲೆ ಕೂತಿದ್ದವನೇ ಕಿವಿಯಣ್ಣ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ತಯಾರಾದ ಯಾವ ಮಾಲು ಬಂದರೂ ಅದನ್ನು ಎರಡೂ ಕೈಯಲ್ಲಿ ಎತ್ತಿ ಎಡಗಿವಿಗೆ ಆನಿಸಿಕೊಂಡು ಕಣ್ಣು ಮುಚ್ಚುವನು. ಒಳಗೆ ಸ್ಕ್ರೂ ಸಡಿಲವಿರಲಿ, ಬೆಲ್ಟು ಉಜ್ಜುತ್ತಿರಲಿ, ಅವನ ಕಿವಿಗೆ ಸಿಕ್ಕಿಬೀಳುತ್ತಿತ್ತು. ಏನೂ ಸಿಗದಿದ್ದರೆ ಕಣ್ಣು ತೆರೆದು “ಪಾಸ್” ಅನ್ನುವನು. ಈ ಅಭ್ಯಾಸ ಮನೆಗೂ ಬಂದು ಕಲ್ಲಂಗಡಿ ಹಣ್ಣು, ಗೋಡೆ ಗಡಿಯಾರ, ಹೆಂಡತಿಯ ಕೆಮ್ಮು ಎಲ್ಲವೂ ಅವನ ಎಡಗಿವಿಯ ಸುಪರ್ದಿಗೆ ಬಿದ್ದಿದ್ದವು. ಹೀಗಿರುವಾಗ ಕ್ಯಾಮೆರಾ ಬಂದರೆ ಅವನೇನು ಮಾಡಬೇಕು? ಕಿವಿಗೆ ಆನಿಸಿಕೊಂಡ, ಮೋಟರಿನ ಜುಂಯ್ ಕೇಳಿದ, ಪಾಸ್ ಅಂದ.

ಆದರೆ ಕ್ಯಾಮೆರಾದ ಆಯುಸ್ಸು ದೊಡ್ಡದಿರಲಿಲ್ಲ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ‘ಕ್ಯಾಮೆರಾ ವಿಭಾಗ’ ಎಂಬ ಬೋರ್ಡು ಇದ್ದ ಜಾಗದಲ್ಲಿ ನಾಲ್ಕು ಮೊಳೆಗಳು ಮಾತ್ರ ಇದ್ದವು. ದೊಡ್ಡ ಸಾಹೇಬರಿಗೆ ಈಗ ಮಿಕ್ಸಿಯ ಮೇಲೆ ಮನಸ್ಸು ಬಂದಿತ್ತು. ಉಳಿದ ಸ್ಯಾಂಪಲ್ಲುಗಳನ್ನು ಗುಜರಿಗೆ ತುಂಬುತ್ತಿದ್ದ ಮ್ಯಾನೇಜರು ಕಿವಿಯಣ್ಣನ ಪೆಚ್ಚು ಮುಖ ನೋಡಿ, ಒಂದು ಕ್ಯಾಮೆರಾವನ್ನೂ ಒಂದು ಕ್ಯಾಸೆಟ್ಟನ್ನೂ ಅವನ ಕೈಗಿತ್ತು, “ನೀವು ಪಾಸ್ ಮಾಡಿದ್ದು, ನೀವೇ ಇಟ್ಕೊಳ್ಳಿ” ಅಂದರು.

ಹೊಲಿಗೆ ಯಂತ್ರದ ತಲೆಯಷ್ಟು ಭಾರವಿದ್ದ ಅದನ್ನು ಚೀಲದಲ್ಲಿ ಹಾಕಿಕೊಂಡು ತೆಪ್ಪಗೆ ಮನೆಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಿವಿಯಣ್ಣ ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡ. ಅಂಥದ್ದೊಂದು ಕುತ್ತಿಗೆಯಲ್ಲಿದ್ದರೆ ಮನುಷ್ಯನ ನಡಿಗೆಯೇ ಬೇರೆಯಾಗುತ್ತದೆ. ಬೀದಿಯ ತಿರುವಿನಲ್ಲಿ ಟೈಲರು ಕತ್ತರಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ನೋಡಿದ.

“ಏನಣ್ಣ ಅದು?”

“ಕ್ಯಾಮೆರಾ. ನಮ್ಮ ಕಂಪನೀದು. ರೋಲ್ ಬೇಡ, ತೊಳೆಯೋದು ಬೇಡ. ನಾನೇ ಪಾಸ್ ಮಾಡಿದ್ದು.”

ಈ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೆ ಅದು ಟೈಲರ್ ಅಂಗಡಿಯಿಂದ ಎದುರುಮನೆಯ ನರ್ಸಮ್ಮನ ಮನೆಗೆ ಹೋಗುವಷ್ಟರಲ್ಲಿ ಕಿವಿಯಣ್ಣ ಕ್ಯಾಮೆರಾ ಮಾಡಿದ್ದ. ನರ್ಸಮ್ಮನ ಮನೆಯಿಂದ ಮನೆ ಓನರ್ ಹತ್ತಿರ ಹೋಗುವಷ್ಟರಲ್ಲಿ ಅದನ್ನು ಅವನೇ ಕಂಡುಹಿಡಿದಿದ್ದ, ಕಂಪನಿಯವರು ಹೊಟ್ಟೆಕಿಚ್ಚಿನಿಂದ ವಿಭಾಗವನ್ನೇ ಮುಚ್ಚಿದ್ದರು. ಓನರ್ ಆವರೆಗೆ ಕಿವಿಯಣ್ಣನ ಮನೆಯ ಸೋರುವ ನಲ್ಲಿಯ ಬಗ್ಗೆ ಮಾತಾಡಲು ಸಹ ಕೆಳಗೆ ಇಳಿದು ಬಂದವರಲ್ಲ. ಅಂದು ಸಂಜೆ ತಾವೇ ಬಂದರು. ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲದ ಅವರು ಆ ತಲೆಗೆ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿಕೊಂಡಿದ್ದರು.

“ನಂದೊಂದು ತೆಗೀರಿ. ನಗಲೋ, ಬೇಡವೋ?” ಎಂದು ಕೇಳಿದರು.

“ನಿಮ್ಮಿಷ್ಟ ಸಾರ್. ಅಲುಗಾಡಬಾರದು ಅಷ್ಟೆ.”

ಓನರ್ ನಗಲಿಲ್ಲ, ಅಭ್ಯಾಸವಿರಲಿಲ್ಲ. ಟಕ್, ಜುಂಯ್, ಟಕ್. ಆ ಸದ್ದಿಗೆ ಓನರ್ ಮೈ ಜುಮ್ಮೆಂದಿತಂತೆ. “ಒಳಗಿಂದ ಏನೋ ಎಳ್ಕೊಂಡ ಹಾಗಾಯ್ತು ರೀ” ಎಂದು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳಿದರು. ಮರುದಿನ ನರ್ಸಮ್ಮ ಡ್ಯೂಟಿಗೆ ಹೊರಟ ಬಿಳಿ ಬಟ್ಟೆಯಲ್ಲೇ ಬಂದು ನಿಂತರು. ಟೈಲರು ತಾನೇ ಹೊಲಿದುಕೊಂಡ ಪಟ್ಟೆಪಟ್ಟೆ ಅಂಗಿಯಲ್ಲಿ ಬಂದ. ಚಿತ್ರ ಯಾವಾಗ ನೋಡಬಹುದು ಎಂದು ಕೇಳಿದವರಿಗೆಲ್ಲ ಕಿವಿಯಣ್ಣ, “ನೋಡುಪೆಟ್ಟಿಗೆ ಕಂಪನೀಲಿದೆ, ತರ್ತೀನಿ” ಅನ್ನುತ್ತಿದ್ದ. ಇದೆ ಎಂದು ಅವನು ಮನಸಾರೆ ನಂಬಿದ್ದ. ಕರಪತ್ರದಲ್ಲಿ ಅದರ ಬಣ್ಣದ ಚಿತ್ರವೇ ಇತ್ತಲ್ಲ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಆ ವಾರವೇ ಮಾವ ಮತ್ತು ಅತ್ತೆ ಬಂದರು.

ಮಾವನವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಅವರು ಅಂಗಡಿಯೊಳಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು ಎಂದು ಹಳಬರು ಹೇಳುತ್ತಾರೆ. ನಿವೃತ್ತಿಯ ನಂತರ ತಕ್ಕಡಿ ಸಿಗದೆ ಜನರ ಮಾತನ್ನೇ ತೂಗತೊಡಗಿದ್ದರು. ಯಾರನ್ನಾದರೂ ತುಂಬಾ ಮೆಚ್ಚಿದರೆ “ಪರವಾಗಿಲ್ಲ” ಅನ್ನುವರು. ಅದಕ್ಕಿಂತ ಮೇಲಿನ ಮಾತು ಅವರ ಬಾಯಲ್ಲಿರಲಿಲ್ಲ. ಮದುವೆಯ ಹೊಸತರಲ್ಲಿ ಅತ್ತೆ ಹೊಸ ಬಟ್ಟೆಯುಟ್ಟು ಹೇಗಿದ್ದೀನಿ ಎಂದು ಕೇಳಿದ್ದಕ್ಕೂ “ಪರವಾಗಿಲ್ಲ” ಅಂದಿದ್ದರು. ಅತ್ತೆ ಮತ್ತೆ ಕೇಳಿರಲಿಲ್ಲ. ಅಳಿಯನಿಗಂತೂ ಆ ಪರವಾಗಿಲ್ಲವೂ ಸಿಕ್ಕಿರಲಿಲ್ಲ. ಒಂದು ಗಂಟೆಯಲ್ಲಿ ಸರಿಮಾಡಿ ಕೊಡ್ತೀನಿ ಎಂದು ಮದುವೆಗೆ ಮುಂಚೆ ಅವನು ಬಿಚ್ಚಿದ ಮಾವನ ರೇಡಿಯೋ ಇನ್ನೂ ಮಾವನ ಮನೆಯ ಅಟ್ಟದ ಮೇಲೆ ಬಿಚ್ಚಿದ ಹಾಗೇ ಇತ್ತು.

ಈಗ ಅತ್ತೆಯ ಕಣ್ಣು ಮಸುಕಾಗಿ ಮಸುಕಾಗಿ, ಬೆಳಕು ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತಿತ್ತು. ಅವರಿದ್ದದ್ದು ಕಡಿದಾದ ಮೆಟ್ಟಿಲ ಮೇಲಿನ ಮಹಡಿ ಮನೆ. ಹೋದ ತಿಂಗಳು ಮೆಟ್ಟಿಲಲ್ಲಿ ಜಾರಿದ್ದರು. ಪುಣ್ಯಕ್ಕೆ ಕೈಗೆ ಕಂಬಿ ಸಿಕ್ಕಿತ್ತು. ಕಿವಿಯಣ್ಣನ ಹೆಂಡತಿಗೆ ಅಂದಿನಿಂದ ಒಂದೇ ಚಿಂತೆ: ಅಮ್ಮ ಇಲ್ಲಿಗೆ ಬಂದು ಇರಬೇಕು. ಇಲ್ಲಿ ಮೆಟ್ಟಿಲಿಲ್ಲ, ಖಾಲಿ ಕೋಣೆಯಿದೆ, ಮಗಳಿದ್ದಾಳೆ.

ಟೀ ಕುಡಿಯುತ್ತ ಅವಳು ಆ ಮಾತೆತ್ತಿದಾಗ ಮಾವ ಲೋಟ ಕೆಳಗಿಟ್ಟರು. ಬಲಗಾಲು ಎಂದಿನಂತೆ ಕುಣಿಯುತ್ತಿತ್ತು.

“ನೋಡಮ್ಮ, ಜಾಗ ಇದ್ರೆ ಸಾಲದು. ಮಾತಿಗೆ ತೂಕ ಇಲ್ಲದ ಮನೇಲಿ ನಾನು ಇರಲಾರೆ. ಬೀದಿ ಜನಕ್ಕೆಲ್ಲ ಫೋಟೋ ತೆಗೆದಿದ್ದಾರಂತಲ್ಲ ಅಳಿಯಂದ್ರು. ಒಂದಾದ್ರೂ ಯಾರಾದ್ರೂ ನೋಡಿದ್ದಾರಾ?”

“ಭಾನುವಾರ ತೋರಿಸ್ತೀನಿ ಮಾವ,” ಎಂದು ಕಿವಿಯಣ್ಣ ಹೇಳಿಬಿಟ್ಟ. ಬಾಯಿಂದ ಹೊರಬಿದ್ದ ಮೇಲೆ ಆ ಮಾತನ್ನು ಒಳಗೆಳೆದುಕೊಳ್ಳಲು ಅವನ ಹತ್ತಿರ ಯಾವ ಗುಂಡಿಯೂ ಇರಲಿಲ್ಲ.

“ಭಾನುವಾರ ಫೋಟೋ ಕಂಡ್ರೆ ಇಲ್ಲಿಗೆ ಬರ್ತೀವಿ. ಕಾಣದಿದ್ರೆ ಈ ಮಾತು ಮತ್ತೆ ಎತ್ತಕೂಡದು.”

ಅಂದೇ ಅವರ ಫೋಟೋವನ್ನೂ ತೆಗೆಯುವುದಾಯಿತು. ಮಾವ ಕೋಟು ತೊಟ್ಟು ಕೂತರು. “ಅಲುಗಾಡಬಾರದು ಮಾವ” ಅಂದರೆ “ನಾನೆಲ್ಲಿ ಅಲುಗಾಡ್ತಿದ್ದೀನಿ” ಅಂದರು. ಮುಖ ಕಲ್ಲಿನಂತಿತ್ತು, ಕಾಲು ಕುಣಿಯುತ್ತಲೇ ಇತ್ತು, ಕುರ್ಚಿಯೂ ಅದರ ಜೊತೆ ಸಣ್ಣಗೆ ಕುಣಿಯುತ್ತಿತ್ತು. ಅತ್ತೆ ಮಾತ್ರ ಬರಲು ಒಪ್ಪಲಿಲ್ಲ.

“ನನಗ್ಯಾಕಪ್ಪ ಫೋಟೋ? ನೋಡೋ ಕಣ್ಣೇ ಇಲ್ಲ.”

“ನಮಗೆ ಬೇಕಮ್ಮ. ಮದುವೆ ಫೋಟೋದಲ್ಲೂ ತಲೆ ಬಗ್ಗಿಸಿಬಿಟ್ಟಿದ್ದೀಯ, ಬರೀ ಬೈತಲೆ ಬಂದಿದೆ” ಎಂದ ಮಗಳು, ಓನರ್ ತಲೆ ಮಿಂಚಿದ್ದು, ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಬಂದದ್ದು ಎಲ್ಲ ಬಣ್ಣಿಸುತ್ತ, ಕೈಹಿಡಿದು ಕಿಟಕಿಯ ಪಕ್ಕದಲ್ಲಿ ಕೂರಿಸಿದಳು. ಅತ್ತೆ ಕಪ್ಪು ಶಾಲನ್ನು ಹೊದ್ದು, ಬೆಳಕು ಬರುವ ಕಡೆಗೆ ಮುಖ ಮಾಡಿ ಕೂತರು. ಅಲುಗಾಡಬೇಡಿ ಎಂದು ಅವರಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಟಕ್, ಜುಂಯ್, ಟಕ್.

ಮರುದಿನ ಬೆಳಿಗ್ಗೆಯೇ ಕಿವಿಯಣ್ಣ ಮ್ಯಾನೇಜರ ಮುಂದೆ ನಿಂತಿದ್ದ. ಮ್ಯಾನೇಜರು ಈಗ ಮಿಕ್ಸಿ ವಿಭಾಗದಲ್ಲಿದ್ದರು. ಸುತ್ತಲೂ ಆಳೆತ್ತರಕ್ಕೆ ಪೆಟ್ಟಿಗೆಗಳು. ಒಂದು ದಿನದ ಮಟ್ಟಿಗೆ ನೋಡುಪೆಟ್ಟಿಗೆ ಬೇಕಿತ್ತು ಎಂದು ಅವನು ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಯಾವ ನೋಡುಪೆಟ್ಟಿಗೆ?”

“ಕರಪತ್ರದಲ್ಲಿರೋದು ಸಾರ್.”

“ಅದು ಕರಪತ್ರದಲ್ಲಿ ಮಾತ್ರ ಇರೋದು. ಮುಂದಿನ ವರ್ಷ ಮಾಡೋಣ ಅಂದಿದ್ರು. ಅಷ್ಟರಲ್ಲಿ ಮಿಕ್ಸಿ ಬಂತು.”

ಕಿವಿಯಣ್ಣ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತ.

“ಹಾಗಾದ್ರೆ ನೀವೆಲ್ಲ ಚಿತ್ರ ಸರಿಯಾಗಿ ಬರುತ್ತೋ ಇಲ್ವೋ ಅಂತ ಹೇಗೆ ನೋಡ್ತಿದ್ರಿ ಸಾರ್?”

“ನೋಡೋದೇನು, ನೀವು ಪಾಸ್ ಮಾಡ್ತಿದ್ರಲ್ಲ.”

“ನಾನು ಕಿವಿಯಿಂದ ಪಾಸ್ ಮಾಡ್ತಿದ್ದೆ ಸಾರ್. ಮೋಟರ್ ಸದ್ದು ಕೇಳಿ.”

ಮ್ಯಾನೇಜರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

“ಎಂಜಿನಿಯರುಗಳು ನೋಡಿರಬೇಕಲ್ಲ?” ಎಂದು ಕಿವಿಯಣ್ಣ ಕೇಳಿದ.

“ಟೆಸ್ಟಿಂಗ್‌ನವರು ನೋಡ್ತಾರೆ ಅಂತ ಅವರು ಬಿಟ್ಟಿದ್ರು.”

“ದೊಡ್ಡ ಸಾಹೇಬರು?”

“ಎಲ್ಲಾ ಪಾಸಾಗಿದೆ ಅಂತ ಹೇಳಿದ್ವಿ. ಸಂತೋಷಪಟ್ಟು ಟೀ ಕೊಡಿಸಿದ್ರು.”

ಓದುಗರು ಇಲ್ಲಿ ಒಂದು ಕ್ಷಣ ನಿಂತು ಈ ಸಾಧನೆಗೆ ತಲೆಬಾಗಬೇಕು. ದೊಡ್ಡದೊಂದು ಕಂಪನಿ, ದೊಡ್ಡದೊಂದು ವಿಭಾಗ, ಕೋಟು ಹಾಕಿದ ಎಂಜಿನಿಯರುಗಳು. ಅಷ್ಟೂ ಜನ ಸೇರಿ ಕ್ಯಾಮೆರಾ ಮಾಡಿ, ಪಾಸ್ ಮಾಡಿ, ಸಂಭ್ರಮಿಸಿ, ಮುಚ್ಚಿಯೂ ಬಿಟ್ಟಿದ್ದರು. ಅದರಿಂದ ತೆಗೆದ ಒಂದೇ ಒಂದು ಚಿತ್ರವನ್ನೂ ಈ ಭೂಮಿಯ ಮೇಲೆ ಯಾರೂ ಇನ್ನೂ ನೋಡಿರಲಿಲ್ಲ. ಮ್ಯಾನೇಜರಿಗೂ ಇದು ಆಗಲೇ ಹೊಳೆದದ್ದು. “ಇದನ್ನ ಹೊರಗೆ ಹೇಳಬೇಡಿ” ಎಂದು ಮೆಲ್ಲಗೆ ಅಂದು, ಕಿವಿಯಣ್ಣನಿಗೆ ಮಿಕ್ಸಿಯೊಂದನ್ನು ಕೊಡಲು ನೋಡಿದರು. ಅವನು ಬೇಡವೆಂದು ಬರಿಗೈಯಲ್ಲಿ ಮನೆಗೆ ಬಂದ.

ಹೆಂಡತಿಗೆ ಹೇಳಬೇಕೆಂದು ಬಾಯಿ ತೆರೆದ. ಅವಳು ಖಾಲಿ ಕೋಣೆಯ ನೆಲ ಒರೆಸಿ, ಕಿಟಕಿಯ ಪಕ್ಕಕ್ಕೆ ಮಂಚ ಎಳೆಯುತ್ತಿದ್ದಳು. “ರೀ, ಬೆಳಗಿನ ಬಿಸಿಲು ಅಮ್ಮನ ಮುಖಕ್ಕೆ ಬರೋ ಹಾಗೆ ಹಾಕಲಾ? ಬೆಳಕು ಬಂದ್ರೆ ಅವಳಿಗೆ ಬೆಳಗಾಗಿದ್ದು ಗೊತ್ತಾಗುತ್ತೆ” ಅಂದಳು. ಕಿವಿಯಣ್ಣ ತೆರೆದ ಬಾಯಿ ಮುಚ್ಚಿ ಮಂಚದ ಇನ್ನೊಂದು ತುದಿ ಹಿಡಿದ. ಅವನಿಗೆ ನಿಜಕ್ಕೂ ಅಳು ಬಂದಿತ್ತು.

ಭಾನುವಾರ ಬಂದೇ ಬಂತು. ಓನರ್ ತಮ್ಮ ಮನೆಯ ದೊಡ್ಡ ಟೀವಿಯನ್ನೇ ಕೆಳಗೆ ಹೊರಿಸಿದ್ದರು, ಸಣ್ಣ ಟೀವಿಯಲ್ಲಿ ತಮ್ಮ ಮುಖ ಹಿಡಿಸಲಾರದೆಂಬ ಅನುಮಾನದಿಂದ. ಟೈಲರು ಅಂಗಡಿಗೆ ಬೀಗ ಹಾಕಿ ಬಂದಿದ್ದ. ನರ್ಸಮ್ಮ ಡ್ಯೂಟಿ ಬದಲಾಯಿಸಿಕೊಂಡಿದ್ದರು. ಹಜಾರದ ತುಂಬ ಬೀದಿಯ ಜನ, ಕುರ್ಚಿ ಸಿಗದವರು ಕಿಟಕಿಯಲ್ಲಿ. ಮುಂದಿನ ಸಾಲಿನಲ್ಲಿ ಮಾವ, ಅವರ ಪಕ್ಕ ಅತ್ತೆ. ಮಾವನ ಕಾಲು ಆಗಲೇ ಶುರುವಾಗಿತ್ತು.

ಕಿವಿಯಣ್ಣ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ಟೀವಿಯ ಪಕ್ಕ ನಿಂತ.

“ನೋಡುಪೆಟ್ಟಿಗೆ ಇಲ್ಲ” ಅಂದ.

“ಎಲ್ಲಿಟ್ಟಿದ್ದೀರಿ?” ಎಂದು ಓನರ್ ಕೇಳಿದರು.

“ಎಲ್ಲೂ ಇಲ್ಲ ಸಾರ್. ಕಂಪನಿಯವರು ಮಾಡೇ ಇಲ್ಲ. ನಿಮ್ಮೆಲ್ಲರ ಫೋಟೋ ಈ ಟೇಪಿನೊಳಗೆ ಇದೆ. ಆದ್ರೆ ನೋಡೋಕೆ ಆಗಲ್ಲ. ಯಾರಿಗೂ, ಯಾವತ್ತೂ.”

ಓನರ್ ತಮ್ಮ ಟೀವಿಯ ಕಡೆ ನೋಡಿ, ಅದನ್ನು ಮತ್ತೆ ಮೇಲಕ್ಕೆ ಹೊರಿಸಬೇಕಲ್ಲ ಎಂಬಂತೆ ನಿಟ್ಟುಸಿರಿಟ್ಟರು. ಮಾವ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಕಿವಿಯಣ್ಣನಿಗೆ ಆಗಲಿಲ್ಲ.

“ನಡೆಯೇ, ಹೋಗೋಣ” ಎಂದು ಮಾವ ಅತ್ತೆಗೆ ಅಂದರು.

ಅತ್ತೆ ಏಳಲಿಲ್ಲ. “ಟೇಪು ಅಂದ್ರಲ್ಲ ಅಳಿಯಂದ್ರು” ಅಂದರು. “ಟೇಪು ಆದ್ರೆ ಹಾಕಿ, ಕೇಳೋಣ.”

“ಹಾಡಲ್ಲ ಅತ್ತೆ, ಅದು ಫೋಟೋ.”

“ಗೊತ್ತಪ್ಪ. ಹಾಕಿ.”

ಕಿವಿಯಣ್ಣ ಮನೆಯ ಹಳೇ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದ. ಮರ್ಯಾದೆ ಹೋದದ್ದು ಹೋಯಿತು, ಹಿರಿಯರ ಮಾತು ಯಾಕೆ ಮೀರಬೇಕು ಎಂದು ಗುಂಡಿ ಒತ್ತಿದ. ಮೊದಲು ಬರೀ ಸುಯ್ ಎಂಬ ಗಾಳಿ. ಆಮೇಲೆ ಬಂತು ನೋಡಿ: ದಪ್ಪಗೆ, ಗಡುಸಾಗಿ ಒಂದು ಗುಂಯ್, ಅದರ ನೆತ್ತಿಯ ಮೇಲೆ ಕಿವಿ ತೂತಾಗುವಂಥ ಒಂದು ಸಣ್ಣ ಶಿಳ್ಳೆ.

ಅತ್ತೆ ತಲೆ ಓರೆ ಮಾಡಿ ಕೇಳಿದರು. “ಇದು ಮೇಲಿನ ಮನೆಯವರಲ್ವಾ? ಆ ತುದೀಲಿ ಮಿಂಚೋದು ಅವರ ತಲೆ.”

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಓನರ್ ತಲೆಯ ಮೇಲೆ ಹೋಗಿ ನಿಂತವು. ಓನರ್ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು. ಅವರ ಮುಖದಲ್ಲಿ, ಆ ಬೀದಿ ಎಂದೂ ಕಂಡಿರದ ಒಂದು ಬೆರಗು ಮೂಡಿತು. “ಇನ್ನೊಂದ್ಸಲ ಹಾಕಿ” ಎಂದು ಮಗುವಿನಂತೆ ಕೇಳಿದರು.

ಎರಡನೆಯದು ಉದ್ದಕ್ಕೂ ತೆಳುವಾದ ಒಂದೇ ದನಿ, ಗಾಜಿನ ಲೋಟದ ಅಂಚು ಸವರಿದ ಹಾಗೆ. “ಇದು ಎದುರುಮನೆ ಹುಡುಗಿ, ಬಿಳೀ ಬಟ್ಟೇಲಿದ್ದಾಳೆ” ಅಂದರು ಅತ್ತೆ. ನರ್ಸಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, “ಹಾಗಾದ್ರೆ ಬೆಳ್ಳಗಿದ್ದ ಕಡೆ ದನಿ ಸಣ್ಣ, ಕಪ್ಪಗಿದ್ದ ಕಡೆ ದಪ್ಪ” ಎಂದು ಪಿಸುಗುಟ್ಟಿದರು. ಮೂರನೆಯದು ಟರ್ರ್ ಟರ್ರ್ ಎಂದು ಸಣ್ಣ ದಪ್ಪ, ಸಣ್ಣ ದಪ್ಪ ಆಗುತ್ತ ಓಡಿದಾಗ ಟೈಲರು ಯಾರ ಸಹಾಯವೂ ಇಲ್ಲದೆ ಎದ್ದು ನಿಂತ. “ನನ್ನ ಪಟ್ಟೆ ಅಂಗಿ,” ಅಂದ. ಅವನ ಕಣ್ಣು ತುಂಬಿತ್ತು. ಇಷ್ಟು ವರ್ಷ ಊರಿಗೆಲ್ಲ ಬಟ್ಟೆ ಹೊಲಿದಿದ್ದರೂ ಹೊಲಿದ ಬಟ್ಟೆ ಹೀಗೆ ಹಾಡುವುದನ್ನು ಅವನು ಕೇಳಿರಲಿಲ್ಲ.

ಕಿಟಕಿಯಲ್ಲಿದ್ದವರು ಒಳಗೆ ಬಂದರು. ಟೀವಿಯ ಕಡೆ ಈಗ ಯಾರೂ ನೋಡುತ್ತಿರಲಿಲ್ಲ. ಹೆಚ್ಚಿನವರು ಕಣ್ಣನ್ನೇ ಮುಚ್ಚಿಕೊಂಡಿದ್ದರು. ಮಾವ ಮಾತ್ರ ಕೋಟಿನ ಗುಂಡಿ ಹಾಕಿಕೊಂಡು ನಿಂತೇ ಇದ್ದರು.

ನಾಲ್ಕನೆಯದರಲ್ಲಿ ದನಿ ಗಟ್ಟಿಯಾಗಿತ್ತು, ಆದರೆ ಒಂದೇ ಸಮನೆ ನಡುಗುತ್ತಿತ್ತು. ಅತ್ತೆ ನಕ್ಕುಬಿಟ್ಟರು. “ಇದು ಇವರು. ಕಾಲು ಕುಣಿಸ್ತಾ ಇದ್ದಾರೆ.”

ಮಾವ ತಮ್ಮ ಕಾಲನ್ನು ನೋಡಿಕೊಂಡರು. ನಿಂತಿದ್ದರೂ ಹಿಮ್ಮಡಿ ಕುಣಿಯುತ್ತಿತ್ತು. ಸರ್ಕಾರ ಮೆಚ್ಚಿ ಸರ್ಟಿಫಿಕೇಟು ಕೊಟ್ಟ ಯಾವ ತಕ್ಕಡಿಯೂ ಅವರನ್ನು ಇಷ್ಟು ಕರಾರುವಾಕ್ಕಾಗಿ ತೂಗಿರಲಿಲ್ಲ. ಅವರು ಮೆಲ್ಲಗೆ ಕುರ್ಚಿಯ ಮೇಲೆ ಕೂತರು, ಕಾಲು ನಿಂತಿತು.

ಆಗ ಕೊನೆಯದು ಬಂತು. ಕೆಳದನಿಯಲ್ಲಿ, ಆಳದಲ್ಲಿ, ಎಲ್ಲೂ ನಡುಗದ ಒಂದು ಗುನುಗು. ಮಧ್ಯದಲ್ಲಿ ಸ್ವಲ್ಪ ಹೊತ್ತು ಅದು ತಿಳಿಯಾಗಿ ಮೇಲೆದ್ದು, ಅಲ್ಲೇ ಬೆಳಗಿ, ಮತ್ತೆ ಮೆತ್ತಗೆ ಕೆಳಗಿಳಿಯಿತು. ಅತ್ತೆ ಮತ್ತೆ ತಲೆ ಓರೆ ಮಾಡಿದರು.

“ಇದು ಯಾರು? ನನಗೆ ಗುರುತು ಸಿಗಲಿಲ್ಲ.”

“ಅಮ್ಮ, ಅದು ನೀನು” ಎಂದು ಮಗಳು ಬಾಗಿಲಿಂದ ಅಂದಳು. “ಕಿಟಕಿ ಪಕ್ಕ ಕೂತಿದ್ಯಲ್ಲ. ಶಾಲು ಹೊದ್ದು.”

ಕಿವಿಯಣ್ಣ ಯಾರೂ ಹೇಳದೆಯೇ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಹಾಕಿದ. ಅತ್ತೆ ಕೈಯನ್ನು ಟೇಪ್ ರೆಕಾರ್ಡರಿನ ಮೇಲಿಟ್ಟು ಕೇಳಿದರು. ದೊಡ್ಡ ಸಾಹೇಬರು, ಎಂಜಿನಿಯರುಗಳು, ಆ ವಿಭಾಗ, ಆ ಬೋರ್ಡು, ಅಷ್ಟೆಲ್ಲ ಎದ್ದು ಬಿದ್ದದ್ದು ಈ ಒಬ್ಬ ಹೆಂಗಸು ತನ್ನ ಫೋಟೋ ನೋಡಲೆಂದೇ ಇರಬೇಕು ಎಂದು ಕಿವಿಯಣ್ಣನಿಗೆ ಅನ್ನಿಸಿತು.

“ನಾನು ಇಷ್ಟು ಚೆನ್ನಾಗಿದ್ದೀನಾ?” ಎಂದು ಅತ್ತೆ ಕೇಳಿದರು. ಯಾರನ್ನು ಕೇಳಿದ್ದೆಂದು ಗೊತ್ತಾಗಲಿಲ್ಲ.

ಮಾವ ಗಂಟಲು ಸರಿಮಾಡಿಕೊಂಡರು. ಪರವಾಗಿಲ್ಲ ಎಂಬ ಮಾತಿಗೆ ಎಲ್ಲರೂ ಕಾದರು.

“ಚೆನ್ನಾಗೇ ಇದ್ದೆ, ಮೊದಲಿಂದ. ನಾನು ಹೇಳಿರಲಿಲ್ಲ ಅಷ್ಟೆ.”

ಆಮೇಲೆ ಅವರು ಕೋಟಿನ ಗುಂಡಿ ಬಿಚ್ಚಿ, ಅಳಿಯನ ಮುಖ ನೋಡದೆ, ಕಿಟಕಿಯ ಕಡೆ ತಿರುಗಿ ಅಂದರು: “ಅಳಿಯಂದ್ರೇ, ನಾಳೆ ಒಂದು ಗಾಡಿ ಹೇಳಿ. ಮಹಡಿ ಮನೆಯಿಂದ ಸಾಮಾನು ಇಳಿಸಬೇಕು. ಬರೋವಾಗ ಆ ಅಟ್ಟದ ಮೇಲಿನ ನನ್ನ ರೇಡಿಯೋನೂ ತಂದು ಒಂದು ಕೈ ನೋಡಿ. ಅವಸರ ಏನಿಲ್ಲ, ಹೇಗೂ ಇಲ್ಲೇ ಇರ್ತೀನಲ್ಲ.”